ಲೀಟರಿಗೆ ಹದಿಮೂರು

ನಮ್ಮ ಬಚ್ಚಲಮನೆಯ ಬಾಗಿಲಲ್ಲಿ ಕಾಲೊರೆಸಲಿಕ್ಕೆ ಹಾಕಿರುವ ಒಂದು ಬಿಳಿ ತುಂಡಿದೆ. ಬಿಳಿ ಅಂದದ್ದು ಅದರ ಪೂರ್ವಾಶ್ರಮದ ಮೇಲಿನ ಗೌರವದಿಂದ. ಈಗಿನ ಬಣ್ಣವನ್ನು ಕೆಲವರು ಚಹಾ ಅನ್ನುತ್ತಾರೆ, ಕೆಲವರು ಏನೂ ಅನ್ನದೆ ದಾಟಿ ಹೋಗುತ್ತಾರೆ. ಮೊನ್ನೆ ಯಾಕೋ ಉಮೇದಿ ಬಂದು ಅದನ್ನು ಒಗೆದು ಹಿತ್ತಲಿನ ತಂತಿಯ ಮೇಲೆ ಹಾಕಿದೆ. ತಂತಿ ಜೋತು ನೆಲ ಮುಟ್ಟಿತು.

"ಆರೀತೇನು?" ಅಂತ ನನ್ನ ಹೆಂಡತಿ ಕಸ್ತೂರಿ ಅಡಿಗೆಮನೆಯಿಂದಲೇ ಕೇಳಿದಳು.

"ಆರ್ತೈತಿ" ಅಂದೆ.

"ದೀಪಾವಳಿ ಮಟಾ ಆರಿದ್ರ ಸಾಕು."

ಅವಳು ದೀಪಾವಳಿ ಅಂದದ್ದು ಸುಮ್ಮನೆ ಅಲ್ಲ. ಆ ತುಂಡಿಗೂ, ಹಿಂದಿನ ಒಂದು ದೀಪಾವಳಿಗೂ, ನಮ್ಮ ಪಿಕಪ್ ಗಾಡಿಗೂ ಹಳೆಯ ಸಂಬಂಧವಿದೆ. ಹೇಳಿಬಿಡುತ್ತೇನೆ, ತಂತಿಯ ಮೇಲಿನದು ಆರುವತನಕ ನನಗೂ ಬೇರೆ ಕೆಲಸವಿಲ್ಲ.

ದಾಂಡೇಲಿಯ ಸುತ್ತ ಬೆಳೆದವರಿಗೆ ಆ ತುಂಡು ಏನೆಂದು ಹೇಳಬೇಕಾಗಿಲ್ಲ. ಅದು ಫೆಲ್ಟು. ಕಾಗದದ ಮಿಲ್ಲಿನಲ್ಲಿ ಬಿದಿರಿನ ಹಿಟ್ಟು ಕಾಗದವಾಗುವ ಮೊದಲು ಒಂದು ದಪ್ಪ ಉಣ್ಣೆಯಂಥ ಬಟ್ಟೆಯ ಮೇಲೆ ಸವಾರಿ ಮಾಡುತ್ತದೆ. ಸವೆದ ಮೇಲೆ ಆ ಬಟ್ಟೆ ತುಂಡುತುಂಡಾಗಿ ಊರಿಗೆ ಬರುತ್ತಿತ್ತು. ಒಮ್ಮೆ ಮನೆಯೊಳಗೆ ಬಂದ ಫೆಲ್ಟು ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಅದೇ ಹಾಸಿಗೆ, ಅದೇ ಹೊದಿಕೆ, ಇಸ್ತ್ರಿ ಮೇಜಿನ ಮೇಲೆ ಅದೇ, ವಿಕೆಟ್ ಕೀಪರನ ಮೊಣಕಾಲಿಗೂ ಅದೇ. ನಮ್ಮ ಕಾಲೊನಿಯ ಗಣಪತಿ ಪ್ರತಿ ವರ್ಷ ಹಿಮಾಲಯದಲ್ಲಿ ಕೂಡುತ್ತಿದ್ದ. ಆ ಹಿಮಾಲಯವೂ ಫೆಲ್ಟೇ. ನಾಲ್ಕು ಸ್ಟೂಲುಗಳ ಮೇಲೆ ಹೊದಿಸಿದರೆ ಕೈಲಾಸ, ಎಂಟಕ್ಕೆ ಹೊದಿಸಿದರೆ ಇಡೀ ಪರ್ವತಶ್ರೇಣಿ. ನಮ್ಮಪ್ಪ ಮಿಲ್ಲಿನ ಸ್ಟೋರಿನಲ್ಲಿದ್ದುದರಿಂದ ನಾನು ಹುಟ್ಟಿದಂದಿನಿಂದ ಫೆಲ್ಟಿನ ಮೇಲೆ ಮಲಗಿದವನು. ಅದು ಮೈಗೆ ಚುಚ್ಚುತ್ತದೆ. ಬೆಳಿಗ್ಗೆ ಎದ್ದಾಗ ಬೆನ್ನಿನ ಮೇಲೆ ಕೆಂಪು ಚುಕ್ಕೆ ನೋಡಿ ಇದು ಯಾವುದೋ ದೊಡ್ಡ ರೋಗ ಅಂತ ನಾನು ಅಳುತ್ತಿದ್ದೆ. ಮರುದಿನ ಚುಕ್ಕೆ ಇಲ್ಲದಿದ್ದರೆ ರೋಗ ಒಳಗೆ ಇಳಿಯಿತು ಅಂತ ಅಳುತ್ತಿದ್ದೆ.

ಚಿಂತೆ ನನಗೆ ಬಂದದ್ದಲ್ಲ, ನನ್ನ ಜೊತೆಗೇ ಹುಟ್ಟಿದ್ದು. ಮಿಲ್ಲಿನ ಭೋಂಗಾ ಕೂಗುವುದು ತುಸು ತಡವಾದರೆ ಅಪ್ಪನಿಗೆ ಏನೋ ಆಗಿದೆ ಅಂತ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಬೇಗ ಕೂಗಿದರೂ ನಿಲ್ಲುತ್ತಿದ್ದೆ. ಅಪ್ಪ ಸೈಕಲ್ ಮೇಲೆ ಬಂದು, "ನೀ ಬಂದ್ಯಾ? ಹಂಗಾರ ನಾ ಬದುಕೇನಿ" ಅಂತ ನನ್ನನ್ನು ಹಿಂದೆ ಕೂಡಿಸಿಕೊಂಡು ಹೋಗುತ್ತಿದ್ದರು.

ಮದುವೆಯಾದ ಮೇಲೆ ಹಳಿಯಾಳದ ಸಂಬಂಧ ಬಂತು. ಕಸ್ತೂರಿಯ ತಂದೆಗೆ ಅಲ್ಲಿ ಚುರುಮುರಿ ಭಟ್ಟಿ. ದಾಂಡೇಲಿಯಲ್ಲಿ ಗುಮಾಸ್ತನಾಗಿದ್ದ ನಾನು ಹಬ್ಬಕ್ಕೆ ಹೋಗಿ ಹೋಳಿಗೆ ಉಂಡು ಬರುವ ಅಳಿಯನಷ್ಟೇ ಆಗಿದ್ದೆ. ಮಾವ ತೀರಿಕೊಂಡ ಮೇಲೆ ಭಟ್ಟಿ ಕಸ್ತೂರಿಯ ಕೈಗೆ ಬಂತು, ಭಟ್ಟಿಯ ಜೊತೆಗೆ ನಾನೂ ಬಂದೆ. ಅವಳು ಒಲೆ, ಮರಳು, ಅಕ್ಕಿ, ಕೆಲಸದ ಹೆಂಗಸರು ಎಲ್ಲವನ್ನೂ ನೋಡಿಕೊಂಡಳು. ನನಗೆ ಉಳಿದದ್ದು ಪಿಕಪ್ ಗಾಡಿ. ವಾರದಲ್ಲಿ ಒಂದು ದಿನ ದಾಂಡೇಲಿ, ಗಣೇಶಗುಡಿ, ಜೋಯಿಡಾ, ರಾಮನಗರ. ಇನ್ನೊಂದು ದಿನ ಮುಂಡಗೋಡ, ಅಲ್ಲಿಂದ ಟಿಬೆಟನ್ ಕಾಲೊನಿ. ಅಂಗಡಿಗಳಿಗೆ ಚುರುಮುರಿ ಚೀಲ ಇಳಿಸುವುದು, ಖಾಲಿ ಚೀಲ ಹೇರಿಕೊಂಡು ಬರುವುದು.

ಚುರುಮುರಿ ಎಂಥ ವಸ್ತು ಅನ್ನುವುದನ್ನು ನೀವು ತಿನ್ನುವಾಗ ಯೋಚಿಸಿರಲಾರಿರಿ. ಅದು ಹಿಡಿಯಷ್ಟು ಅಕ್ಕಿ ಮತ್ತು ಬುಟ್ಟಿಯಷ್ಟು ಗಾಳಿ. ಚೀಲಗಳನ್ನು ಪಿಕಪ್ಪಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಆನೆ ನಿಂತಂತೆ ಕಾಣುತ್ತದೆ, ತೂಗಿದರೆ ಆನೆಯ ಕಿವಿಯಷ್ಟೂ ಇಲ್ಲ. ಅಂದಮೇಲೆ ಗಾಡಿ ಹಗುರಾಗಿ ಓಡಬೇಕಲ್ಲ? ಓಡುತ್ತಿರಲಿಲ್ಲ. ಮಾವನ ಕಾಲದಲ್ಲಿ ಲೀಟರ್ ಡೀಸೆಲ್ಲಿಗೆ ಹದಿನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ನನ್ನ ಕಾಲಕ್ಕೆ ಹನ್ನೊಂದಕ್ಕೆ ಇಳಿದಿತ್ತು. ಮೆಕ್ಯಾನಿಕ್ ಎರಡು ಸಲ ಬಿಚ್ಚಿ ನೋಡಿ, "ಎಂಜಿನ್ ಬರೋಬರಿ ಐತ್ರಿ, ಇದಕ್ಕ ಏನೂ ಆಗಿಲ್ಲ" ಅಂದ. ಏನೂ ಆಗಿಲ್ಲ ಅಂದರೆ ನನಗೆ ಇನ್ನೂ ಚಿಂತೆ.

ಯುಗಾದಿ ಮುಗಿದ ಮೇಲೆ ಒಂದು ದಿನ ಕಸ್ತೂರಿ, ನಾನು ಮತ್ತು ಹುಸೇನಸಾಬ ಚಹಾ ಕುಡಿಯುತ್ತಿದ್ದಾಗ ಹೇಳಿದಳು: "ದೀಪಾವಳಿ ಮಟಾ ನೋಡ್ತೇನಿ. ಹದಿಮೂರು ಬಂದ್ರ ಗಾಡಿ ಇರ್ಲಿ. ಬರ್ಲಿಲ್ಲಂದ್ರ ಮಾರಿಬಿಡೂಣು. ಬಾಡಿಗಿ ಟೆಂಪೊದಾಗ ಚೀಲ ಕಳಸೂಣು."

ಹುಸೇನಸಾಬ ಕಪ್ಪನ್ನು ಕೆಳಗಿಟ್ಟ. ಅವನು ನಮ್ಮ ಡ್ರೈವರ್. ದಾಂಡೇಲಿಯವನೇ, ಮಿಲ್ಲಿನಲ್ಲಿ ಕಾಗದದ ಮಷೀನಿನ ಮೇಲೆ ಇದ್ದವನು. ಕೆಲಸ ಬಿಟ್ಟ ಮೇಲೆ, ತಲೆ ಅರ್ಧ ಬೆಳ್ಳಗಾದಾಗ, ಡ್ರೈವಿಂಗ್ ಕಲಿತ. ಕಲಿತ ಹೊಸತರಲ್ಲಿ ಯಾರದೋ ಟ್ರಕ್ಕನ್ನು ಹಿಂದಕ್ಕೆ ತೆಗೆಯಲು ಹೋಗಿ ದಾಂಡೇಲಿ ಬಸ್ ಸ್ಟ್ಯಾಂಡಿನ ಗೋಡೆಯನ್ನು ತುಸು ಒಳಗೆ ಸರಿಸಿದ್ದ. ಗೋಡೆ ಮತ್ತೆ ಕಟ್ಟಿದರೂ ಜನ ಮರೆಯಲಿಲ್ಲ. ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ, ನಮ್ಮ ಮಾವ ಒಬ್ಬರನ್ನು ಬಿಟ್ಟು. ಈ ಗಾಡಿ ಹೋದರೆ ಹುಸೇನಸಾಬನಿಗೆ ಇನ್ನೊಂದು ಸ್ಟೇರಿಂಗ್ ಸಿಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಸ್ತೂರಿಗೂ ಗೊತ್ತಿತ್ತು, ಅದಕ್ಕೇ ಅವಳು ನಾಳೆ ಅನ್ನದೆ ದೀಪಾವಳಿ ಅಂದಳು.

"ಹದಿಮೂರು ತರತೇವ್ರಿ ಅಕ್ಕಾರ" ಅಂದ ಹುಸೇನಸಾಬ. "ಹೆಂಗ ತರೂದು ಅಂಬೂದು ಸಾವಕಾರ್ರಿಗೆ ಬಿಟ್ಟೈತಿ."

ಸಾವಕಾರ್ರು ಅಂದರೆ ನಾನು. ನನ್ನ ಮೇಲೆ ಯಾರಾದರೂ ಏನನ್ನಾದರೂ ಬಿಟ್ಟರೆ ನನಗೆ ಮೂರು ಹೊತ್ತು ಊಟ ಸೇರುವುದಿಲ್ಲ.

ಅಳ್ನಾವರ ಸ್ಟೇಶನ್ನಿನಲ್ಲಿ ಒಮ್ಮೆ ರೈಲು ತಡವಾದಾಗ ಹಳೆಯ ವಾರಪತ್ರಿಕೆಯೊಂದರಲ್ಲಿ ಓದಿದ್ದೆ: ವಾಹನ ಓಡುವಾಗ ಅರ್ಧ ಎಣ್ಣೆ ಗಾಳಿಯನ್ನು ದೂಡುವುದಕ್ಕೇ ಖರ್ಚಾಗುತ್ತದಂತೆ. ಮುಂಭಾಗ ಮೀನಿನ ಹಾಗೆ ನುಣುಪಾಗಿದ್ದು ಹಿಂಭಾಗ ಇಳಿಜಾರಾಗಿದ್ದರೆ ಗಾಳಿ ತೊಂದರೆ ಕೊಡದೆ ಜಾರಿ ಹೋಗುತ್ತದಂತೆ. ಹುಸೇನಸಾಬನಿಗೆ ಹೇಳಿದೆ. ಅವನು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಖರೇ ಐತ್ರಿ. ನಮ್ಮ ಗಾಡಿ ಮುಂದಿಂದ ನೋಡಿದ್ರ ಸಂದೂಕ, ಹಿಂದಿಂದ ನೋಡಿದ್ರ ಕಪಾಟ" ಅಂದ.

ಮೊದಲು ಭಾರ ಇಳಿಸೋಣ ಅಂತಾಯಿತು. ಹುಸೇನಸಾಬ ತನ್ನ ಹಿತ್ತಾಳೆಯ ಗಂಟೆ, ಬಣ್ಣದ ಗೊಂಡೆ, ಎರಡನೆಯ ಹಾರ್ನು ತೆಗೆದಿಟ್ಟ. ಅಷ್ಟು ತೆಗೆಯುವಾಗಲೇ ಅವನ ಮುಖ ಸಣ್ಣದಾಗಿತ್ತು. ಆಮೇಲೆ ಸೀಟಿನ ಹಿಂದೆ ನಾನು ಇಟ್ಟಿದ್ದ ಪೆಟ್ಟಿಗೆಗೆ ಕೈ ಹಾಕಿದ. ಎರಡು ಜ್ಯಾಕು, ಒಂದು ಕೆಟ್ಟರೆ ಇರಲಿ ಅಂತ. ಎಳೆಯುವ ಹಗ್ಗ, ಸರಪಳಿ. ಬೆಂಕಿ ಹತ್ತಿದರೆ ಅಂತ ಒಂದು ಚೀಲ ಮರಳು. ಕಾಡಿನಲ್ಲಿ ಸಿಕ್ಕಿಬಿದ್ದರೆ ಅಂತ ಸೀಮೆಎಣ್ಣೆ ಸ್ಟೋವು. ಕೊಡೆ, ಕೊಡಲಿ, ನೀರಿನ ಕ್ಯಾನು, ಹಾವು ಕಚ್ಚಿದರೆ ಕಟ್ಟಲು ಪಟ್ಟಿ.

"ಸಾವಕಾರ್ರ" ಅಂದ ಹುಸೇನಸಾಬ, "ನಾವು ಜೋಯಿಡಾಕ್ಕ ಹೋಗೂದೋ, ಲಡಾಯಿಗೆ ಹೋಗೂದೋ?"

ಮರಳು, ಸ್ಟೋವು, ಒಂದು ಜ್ಯಾಕು ಇಳಿದವು. ಸ್ಟೆಪ್ನಿ ಟೈರನ್ನೂ ಇಳಿಸಿದೆವು. ಒಂದು ಸಲ ಮುಂಡಗೋಡಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಎದೆಬಡಿತ ನೋಡಿ ಹುಸೇನಸಾಬನೇ ಅದನ್ನು ಮತ್ತೆ ಹತ್ತಿಸಿದ.

ಆಮೇಲೆ ಭಟ್ಟಿಯ ಅಂಗಳದಲ್ಲಿ ದೊಡ್ಡ ಕೆಲಸ ಶುರುವಾಯಿತು. ಬಿದಿರು ಸೀಳಿ ಕಮಾನು ಬಗ್ಗಿಸಿದೆವು. ಮುಂದೆ ಕ್ಯಾಬಿನ್ನಿನ ತಲೆಯಿಂದ ಮೆಲ್ಲಗೆ ಏರಿ, ಚೀಲಗಳ ಮೇಲೆ ಹಾದು, ಹಿಂದೆ ಬಾಲದ ಹಾಗೆ ಇಳಿಯುವ ಒಂದು ಚೌಕಟ್ಟು. ಅದರ ಮೇಲೆ ಹೊದಿಸಲು ಏನು? ತಾಡಪತ್ರಿ ಗಾಳಿಗೆ ಪಟಪಟ ಬಡಿಯುತ್ತದೆ ಅಂದೆ ನಾನು. ತಗಡು ಭಾರ ಅಂದ ಅವನು. ಇಬ್ಬರೂ ಒಂದೇ ಸಲಕ್ಕೆ ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರೂ ದಾಂಡೇಲಿಯವರು. ನಮ್ಮ ತಲೆಗೆ ಬರುವುದು ಇನ್ನೇನು?

ಹುಸೇನಸಾಬ ತನ್ನ ಮನೆಯ ಅಟ್ಟದಿಂದ ಒಂದು ದೊಡ್ಡ ಸುರುಳಿ ಫೆಲ್ಟು ತಂದ. ಎಷ್ಟು ದಪ್ಪ, ಎಷ್ಟು ಬಿಗಿ, ಒಣಗಿದಾಗ ಎಷ್ಟು ಹಗುರ. ಭಟ್ಟಿಯ ಹೆಂಗಸರು ದಬ್ಬಣದಿಂದ ಹೊಲಿದುಕೊಟ್ಟರು. ಹೊಲಿದು ಮುಗಿಸಿ ದೂರ ನಿಂತು ನೋಡಿ ಬಾಯಿಗೆ ಸೆರಗು ಹಿಡಿದರು.

"ಏನ್ರೇ, ನಗೂದ್ಯಾಕ?" ಅಂದೆ.

"ಏನಿಲ್ರಿ ಸಾವಕಾರ್ರ. ಗಾಡಿಗೆ ಕುಂಚಿಗಿ ಹೊಲಿಸೀರಿ. ಇನ್ನ ತೊಟ್ಟಿಲದಾಗ ಹಾಕೂದೊಂದ ಬಾಕಿ."

ಎಳೆಗೂಸಿನ ತಲೆಯ ಮೇಲಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗಿಯನ್ನು ನೋಡಿದವರಿಗೆ ಅವರ ಮಾತು ಎಷ್ಟು ಸರಿ ಅನ್ನುವುದು ತಿಳಿಯುತ್ತದೆ. ಹೆಸರು ನಿಂತುಬಿಟ್ಟಿತು. ಆದರೆ ಕುಂಚಿಗಿ ಹಾಕಿಕೊಂಡು ದಾಂಡೇಲಿ ಪೇಟೆಗೆ ಹೋದ ಮೊದಲ ದಿನ ರಸ್ತೆಯ ಎರಡೂ ಬದಿಯ ಜನ ಮಾತು ನಿಲ್ಲಿಸಿ ಸರಿದು ನಿಂತರು. ಒಬ್ಬ ಸೈಕಲ್ಲಿನಿಂದ ಇಳಿದ. ಇನ್ನೊಬ್ಬ ಟೊಪ್ಪಿಗೆ ತೆಗೆದ. ಬಿಳಿ ಹೊದಿಕೆಯ ಗಾಡಿ ಮೆಲ್ಲಗೆ ಬರುವುದನ್ನು ಕಂಡು ಅವರು ತಿಳಿದುಕೊಂಡದ್ದು ಬೇರೆ. ಹುಸೇನಸಾಬನ ಹಳೆಯ ಮಿಲ್ಲಿನ ಗೆಳೆಯನೊಬ್ಬ ಕಿಟಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಯಾರು ಹೋದ್ರೋ ಹುಸೇನ?" ಅಂತ ಕೇಳಿದ.

"ಚುರುಮುರಿ" ಅಂದ ಹುಸೇನಸಾಬ ಗಾಡಿ ನಿಲ್ಲಿಸದೆ.

ಟಿಬೆಟನ್ ಕಾಲೊನಿಯಲ್ಲಿ ಮಾತ್ರ ನಮ್ಮನ್ನು ನೋಡಿ ಯಾರೂ ನಗಲಿಲ್ಲ. ಅಲ್ಲಿ ನಮ್ಮ ಗಿರಾಕಿ ಒಬ್ಬ ಮುದುಕ ಅಂಗಡಿಕಾರ; ಎಲ್ಲರೂ ಅವನನ್ನು ಪಾಲಾ, ಅಂದರೆ ಅಪ್ಪ, ಅಂತ ಕರೆಯುತ್ತಿದ್ದರು. ಬೆಣ್ಣೆ ಹಾಕಿದ ಚಹಾದಲ್ಲಿ ನಮ್ಮ ಚುರುಮುರಿಯನ್ನು ನೆನೆಸಿ ಉಣ್ಣುವ ಮನುಷ್ಯ. ಅವನು ಫೆಲ್ಟನ್ನು ಬೆರಳಿನಿಂದ ಒತ್ತಿ, ಮೂಸಿ, "ನಮ್ಮ ದೇಶದಾಗ ಟೆಂಟ್ ಹಿಂಗ ಇತ್ತು. ಆದ್ರ ಕರೀದು. ಮತ್ತ ಚಕ್ರ ಇರ್ಲಿಲ್ಲ" ಅಂದ. ಆಮೇಲೆ ಸ್ವಲ್ಪ ಹೊತ್ತು ಅದಕ್ಕೆ ಒರಗಿಕೊಂಡೇ ನಿಂತಿದ್ದ. ನಾವು ಹೊರಡುವ ಅವಸರ ಮಾಡಲಿಲ್ಲ.

ಮೈಲೇಜು ಅಳೆಯುವ ನಮ್ಮ ರೀತಿಯನ್ನೂ ಹೇಳಬೇಕು. ಹಳಿಯಾಳದ ಒಂದೇ ಪಂಪಿನಲ್ಲಿ, ಒಂದೇ ಜಾಗದಲ್ಲಿ ನಿಲ್ಲಿಸಿ, ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸಬೇಕು. ಒಳಗೆ ಗಾಳಿಯ ಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ ಅಂತ ನಾವಿಬ್ಬರೂ ಎರಡು ಕಡೆ ನಿಂತು ಗಾಡಿಯನ್ನು ಅಲ್ಲಾಡಿಸುತ್ತಿದ್ದೆವು. ಹಿಂದೆ ಸಾಲಿನಲ್ಲಿ ನಿಂತ ಲಾರಿಯವರು, "ಸಾಕ್ರಿ, ಇನ್ನ ಬೆಣ್ಣಿ ಬರ್ತೈತಿ" ಅನ್ನುತ್ತಿದ್ದರು. ಕುಂಚಿಗಿ ಹಾಕಿದ ಮೇಲೆ ಅಳೆದರೆ ಹನ್ನೆರಡು. ಒಂದು ಪೂರ್ತಿ ಕಿಲೋಮೀಟರು ಮೇಲೆ. ಕಸ್ತೂರಿ, "ಹ್ಞೂಂ" ಅಂದಳು. ಅವಳ ಹ್ಞೂಂ ಅನ್ನು ಹಲವು ವರ್ಷ ಓದಿ ಅಭ್ಯಾಸವಿರುವ ನನಗೆ ಅದು ಶಾಬಾಸು ಅಂತಲೇ ಕೇಳಿಸಿತು.

ಆಮೇಲೆ ಮಳೆ ಬಂತು.

ಗಣೇಶಗುಡಿ ದಾಟಿ ಜೋಯಿಡಾದ ಕಡೆ ಏರುತ್ತಿದ್ದೆವು. ಸೂಪಾದ ಹಿನ್ನೀರಿನ ಮೇಲಿಂದ ಮಳೆ ಒಂದು ಗೋಡೆಯ ಹಾಗೆ ನಡೆದು ಬಂದು ನಮ್ಮನ್ನು ಮುಚ್ಚಿತು. ಹೊದಿಕೆ ಇದೆಯಲ್ಲ, ಚೀಲಕ್ಕೆ ಏನೂ ಆಗುವುದಿಲ್ಲ ಅಂತ ನಾನು ಜೀವನದಲ್ಲಿ ಅಪರೂಪಕ್ಕೆ ನಿಶ್ಚಿಂತನಾಗಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಗಾಡಿ ಏದುಸಿರು ಬಿಡತೊಡಗಿತು. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ತಲೆಯ ಮೇಲೆ ಬಿದಿರು ಕಿರ್ರೆಂದಿತು. ನಿಲ್ಲಿಸಿ ಇಳಿದು ನೋಡಿದರೆ ಮೀನಿನಂತಿದ್ದ ಕುಂಚಿಗಿ ಬಾಣಂತಿಯ ಹಾಸಿಗೆಯಂತೆ ಉಬ್ಬಿ ಜೋತು ಕೂತಿದೆ. ಹುಸೇನಸಾಬ ಅಂಗೈಯಿಂದ ಒತ್ತಿದ. ತೋಳಿನಗುಂಟ ನೀರು ಧಾರೆಯಾಗಿ ಇಳಿಯಿತು.

ಅವನು ಇನ್ನೊಮ್ಮೆ ಒತ್ತಿದ, ಮತ್ತೆ ಧಾರೆ ಇಳಿಯಿತು.

"ಸಾವಕಾರ್ರ, ಮಿಲ್ನ್ಯಾಗ ಇದರ ಕೆಲಸ ಏನಿತ್ತು ಗೊತ್ತೇನ್ರಿ?"

"ಏನು?"

"ಕಾಗದದಾಗಿನ ನೀರು ಕುಡಿಯೂದು. ಅದಕ್ಕಂತನ ಇದನ್ನ ಮಾಡಿರ್ತಾರ. ಇಪ್ಪತ್ತು ವರ್ಷ ಇದರ ಮುಂದ ನಿಂತು ನೋಡೇನಿ. ಕಪಾಳಕ್ಕ ಹೊಡಕೊಳ್ಳೂಣು ಅಂದ್ರ ಕೈಯೂ ಹಸಿ ಆಗೇತಿ."

ಫೆಲ್ಟಿನ ಮೇಲೆ ಹುಟ್ಟಿ ಬೆಳೆದ ನನಗೂ ಅದು ಹೊಳೆದಿರಲಿಲ್ಲ. ಜೋಯಿಡಾದಲ್ಲಿ ಇಳಿಸಿದ ಚುರುಮುರಿ ಬಾಯಲ್ಲಿಟ್ಟರೆ ಅವಲಕ್ಕಿ. ಆ ಸಲ ಅಳೆದಾಗ ಲೀಟರಿಗೆ ಒಂಬತ್ತು. ಕಸ್ತೂರಿ ಹ್ಞೂಂ ಅನ್ನಲಿಲ್ಲ. ಹಿತ್ತಲಲ್ಲಿ ಬಿದ್ದ ಹಸಿ ಫೆಲ್ಟಿನ ಗುಡ್ಡೆಯನ್ನು ನೋಡಿ, "ಕಾಲೊರಸಾಕ ಚಲೋ ಆಗ್ತೈತಿ" ಅಂದಳು.

ಬಿದಿರಿನ ಮೇಲೆ ನೀಲಿ ತಾಡಪತ್ರಿಯನ್ನು ಬಿಗಿಯಾಗಿ ಎಳೆದು ಕಟ್ಟಿದೆವು. ಅಷ್ಟೇನೂ ಬಡಿಯಲಿಲ್ಲ. ಮೈಲೇಜು ಮತ್ತೆ ಹನ್ನೆರಡಕ್ಕೆ ಬಂದು ನಿಂತಿತು, ಮುಂದೆ ಸರಿಯಲಿಲ್ಲ. ಬಂಪರ್ ಕೆಳಗೆ ರಬ್ಬರಿನ ಪಟ್ಟಿ ಕಟ್ಟಿದೆವು. ಅದನ್ನು ತಾಟವಾಳದ ಹತ್ತಿರದ ಹಂಪು ಕಿತ್ತುಕೊಂಡಿತು. ಚಕ್ರಗಳಿಗೆ ಊಟದ ತಾಟಿನಂಥ ತಗಡಿನ ಮುಚ್ಚಳ ಹಾಕಿದೆವು. ಅವು ಒಂದೊಂದಾಗಿ ಒಂದೊಂದು ಊರಿನಲ್ಲಿ ನಮ್ಮನ್ನು ಬಿಟ್ಟು ಹೋದವು. ಹನ್ನೆರಡು ಹನ್ನೆರಡೇ ಆಗಿತ್ತು. ಶ್ರಾವಣ ಬಂತು. ಹುಸೇನಸಾಬ ಈಗ ದೀಪಾವಳಿಯ ಮಾತು ಬಂದರೆ ಗಾಡಿ ಒರೆಸಲು ಎದ್ದು ಹೋಗುತ್ತಿದ್ದ.

ಇಂಥದರಲ್ಲಿ ನನಗೆ ಕಾಮಣಿ ಬಂತು. ಕಣ್ಣು, ಉಗುರು ಎಲ್ಲ ಹಳದಿ. ಔಷಧ, ಗಂಜಿ, ಮಂಚ. ಎದ್ದು ಕೂಡುವ ತ್ರಾಣವಿಲ್ಲದೆ ಬಿದ್ದಿದ್ದರಿಂದ ಚಿಂತೆ ಮಾಡುವುದೂ ಆಗಲಿಲ್ಲ. ಚಿಂತೆಗೂ ಊಟ ಬೇಕಾಗುತ್ತದೆ ಅನ್ನುವುದು ಆಗ ತಿಳಿಯಿತು. ಹುಸೇನಸಾಬ ಒಬ್ಬನೇ ಹೋಗಿ ಬರತೊಡಗಿದ. ಒಂದು ಸಂಜೆ ಮಂಚದ ಹತ್ತಿರ ಬಂದು ನಿಂತ. ಮುಖ ನೋಡಿದರೆ ಹಬ್ಬ.

"ಹದಿಮೂರೂವರಿ ಬಂತ್ರಿ ಸಾವಕಾರ್ರ."

"ಹೆಂಗೋ?"

"ತಾಡಪತ್ರಿ ಹೊಂದಿಕೊಂಡೇತಿ ಅನಸ್ತೈತಿ."

ಮುಂದಿನ ಸಲವೂ ಅಷ್ಟೇ ಬಂತು. ನಾನು ಮಲಗಿದ್ದಲ್ಲೇ ವಾರಪತ್ರಿಕೆಯ ಲೇಖನ ಬರೆದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಪಥ್ಯ ಮುಗಿದು ಮೈಯಲ್ಲಿ ಕಸುವು ಬಂದ ಮೇಲೆ ಮೊದಲಿನ ಹಾಗೆ ಗಾಡಿಯಲ್ಲಿ ಹುಸೇನಸಾಬನ ಪಕ್ಕ ಕೂತು ಜೋಯಿಡಾಕ್ಕೆ ಹೋಗಿ ಬಂದೆ. ಪಂಪಿನಲ್ಲಿ ಅಲ್ಲಾಡಿಸಿ ತುಂಬಿಸಿ ನೋಡಿದರೆ ಹನ್ನೆರಡು.

ಅಂದು ಭಟ್ಟಿಯ ಕಟ್ಟೆಯ ಮೇಲೆ ಮೂವರೂ ಕೂತಿದ್ದೆವು. ಕಸ್ತೂರಿ ಕೇಳಿದಳು: "ಹುಸೇನಣ್ಣ, ಆವಾಗಿನಕಿಂತ ಈಗ ಗಾಡ್ಯಾಗ ಏನ್ ಬದಲಾಗೇತಿ?"

ಹುಸೇನಸಾಬ ಚಹಾದ ಕಪ್ಪಿನೊಳಗೆ ನೋಡಿದ. "ಗಾಳಿ ದಿಕ್ಕು ಬದಲಾಗೇತ್ರಿ ಅಕ್ಕಾರ."

"ಗಾಳಿ ಬಿಡು. ಗಾಡ್ಯಾಗ ಏನ್ ಬದಲಾಗೇತಿ ಹೇಳು."

"ಮತ್ತ... ಟೈರಿನ್ಯಾಗ ಗಾಳಿ..."

"ಅಪ್ಪಾ ಇದ್ದಾಗ ಹದಿನಾಲ್ಕು ಬರ್ತಿತ್ತು" ಅಂದಳು ಕಸ್ತೂರಿ, ನನ್ನನ್ನೇ ನೋಡುತ್ತ. "ಅಪ್ಪಾ ಗಾಡ್ಯಾಗ ಕುಂತ ಕೂಡಲೇ ಗೊರಕಿ ಹೊಡೀತಿದ್ದ."

ಹುಸೇನಸಾಬ ಗಾಡಿ ಒರೆಸಲು ಎದ್ದು ಹೋದ.

ನಾನು ಗಾಡಿಯಲ್ಲಿ ಕೂತು ಏನು ಮಾಡುತ್ತೇನೆ ಅನ್ನುವುದನ್ನು ನಿಮಗೆ ಈತನಕ ಹೇಳಿಲ್ಲ. ಏನಾದರೂ ಮಾಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ. "ಹುಸೇನ, ಸಾವಕಾಶ, ಎಮ್ಮಿ." "ಹುಸೇನ, ಅಲ್ಲಿ ತಿರುವೈತಿ." "ಆ ಮುದುಕಿ ದಾಟಬಹುದು." "ಆ ಬಸ್ ನಿಲ್ಲಬಹುದು." ಒಂದೊಂದು ಮಾತಿಗೆ ಅವನು ಮರ್ಯಾದೆಯಿಂದ ಒಂದೊಂದು ಸಲ ಬ್ರೇಕ್ ಒತ್ತುತ್ತಿದ್ದ. ಬ್ರೇಕ್ ಒತ್ತಿದಾಗಲೆಲ್ಲ ಕೈಯಲ್ಲಿದ್ದ ಓಟ ಹಾಳಾಗುತ್ತದೆ, ಅದನ್ನು ಮತ್ತೆ ಡೀಸೆಲ್ ಸುಟ್ಟೇ ಗಳಿಸಬೇಕು. ಗಾಳಿಯನ್ನು ಹಿಡಿಯಲು ನಾವು ಊರೆಲ್ಲ ಸುತ್ತಿದ್ದೆವು; ತೊಂದರೆ ಎಡಗಡೆಯ ಸೀಟಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿತ್ತು.

"ನೀವು ಮನ್ಯಾಗ ಇರ್ರಿ" ಅಂದಳು ಕಸ್ತೂರಿ.

ಇದ್ದೆ. ಗಾಡಿ ಹೋದ ಮೇಲೆ ಅಂಗಳಕ್ಕೂ ಒಳಗೂ ತಿರುಗಾಡಿದೆ. ಆಮೇಲೆ ಎಸ್‌ಟಿಡಿ ಬೂತಿಗೆ ಹೋದೆ. ದಾಂಡೇಲಿಯ ಅಂಗಡಿಗೆ ಫೋನ್ ಮಾಡಿ ಗಾಡಿ ಬಂತೇ ಅಂತ ಕೇಳಿದೆ. ಗಣೇಶಗುಡಿಗೆ ಮಾಡಿದೆ. ಜೋಯಿಡಾದಲ್ಲಿ ಹೋಟೆಲೂ ಎಸ್‌ಟಿಡಿಯೂ ಒಂದೇ, ಅಲ್ಲಿಯ ಕೊಂಕಣಿ ಮನುಷ್ಯ ಎರಡನೆಯ ಸಲಕ್ಕೆ, "ಸಾಹೇಬ್ರೆ, ಗಾಡಿ ಬಂದ್ರೆ ಕಾಣ್ತದೆ, ಅದೇನು ಇರುವೆ ಅಲ್ಲ. ಈಗ ಇಡಿ, ಮಾರಾಯ್ರೆ, ಭಜಿ ಎಣ್ಣೇಲಿ ಉಂಟು" ಅಂದ. ಸಂಜೆ ಹುಸೇನಸಾಬ ಬಂದ. ಪ್ರತಿ ಊರಿನಲ್ಲೂ ಯಾರೋ ರಸ್ತೆಗೆ ಅಡ್ಡ ನಿಂತು, "ನಿಮ್ಮ ಸಾವಕಾರ್ರು ಫೋನ್ ಮಾಡಂದಾರ" ಅಂತ ನಿಲ್ಲಿಸಿದ್ದರಂತೆ. ಬ್ರೇಕ್, ಫೋನು, ಮತ್ತೆ ಗೇರು. ಹನ್ನೆರಡೂ ಬರಲಿಲ್ಲ.

"ಹಳಿಯಾಳದಾಗ ಕುಂತು ಜೋಯಿಡಾದಾಗ ಬ್ರೇಕ್ ಒತ್ತೂ ಮನಶ್ಯಾನ್ನ ನಾ ನೋಡಿದ್ದಿಲ್ಲ" ಅಂದಳು ಕಸ್ತೂರಿ. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ದೀಪಾವಳಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಹಬ್ಬಕ್ಕೆ ಮೊದಲಿನ ಜೋಯಿಡಾ ಫೇರಿಯೇ ಕೊನೆಯ ಅಳತೆ ಅಂತ ಅವಳು ಹೇಳಿ ಒಳಗೆ ಹೋದಳು.

ಮನೆಯಲ್ಲಿ ಉಳಿದರೆ ಮತ್ತೆ ಬೂತಿಗೆ ಓಡುತ್ತೇನೆ ಅಂತ ನನಗೇ ಗೊತ್ತಿದ್ದರಿಂದ, ಆ ಫೇರಿಗೆ ನಾನು ಬಾಯಲ್ಲಿ ಎರಡು ದೊಡ್ಡ ಅಡಿಕೆ ಹೋಳು ಇಟ್ಟುಕೊಂಡು ಹತ್ತಿದೆ. ಅಡಿಕೆ ಬಾಯಲ್ಲಿದ್ದರೆ ಮಾತಾಡಲಿಕ್ಕೆ ಬರುವುದಿಲ್ಲ. ದಾಂಡೇಲಿ ದಾಟುವವರೆಗೂ ಒಂದು ಶಬ್ದ ಆಡಲಿಲ್ಲ. ಆಡು ಬಂತು, ಸೈಕಲ್ ಬಂತು, ಬಿದಿರಿನ ಲಾರಿ ಬಂತು. ನಾನು ಅಡಿಕೆ ಅಗಿದೆ. ಆದರೂ ಗಾಡಿ ಹಳೆಯ ಹಾಗೆಯೇ ಬಿಕ್ಕುತ್ತ ಬಿಕ್ಕುತ್ತ ಹೋಗುತ್ತಿದೆ ಅನ್ನಿಸಿತು. ಗಣೇಶಗುಡಿಯ ಏರು ಶುರುವಾಗುವಲ್ಲಿ ಹುಸೇನಸಾಬ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ.

"ಏನಾತು?" ಅಂದೆ ಅಡಿಕೆ ಉಗುಳಿ.

"ನಿಮ್ಮ ಕಾಲು ನೋಡ್ರಿ ಸಾವಕಾರ್ರ."

ನೋಡಿದೆ. ನನ್ನ ಬಲಗಾಲು ಕ್ಯಾಬಿನ್ನಿನ ತಗಡನ್ನು ಒತ್ತಿ ಹಿಡಿದಿತ್ತು. ಅಲ್ಲಿ ಬಣ್ಣ ಹೋಗಿ ಹಿಮ್ಮಡಿಯಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು.

"ನೀವು ಅಲ್ಲಿ ಒತ್ತಿದ ಕೂಡಲೇ ನನ್ನ ಕಾಲು ಇಲ್ಲಿ ಬ್ರೇಕಿಗೆ ತಾನ ಹೋಗ್ತೈತಿ. ಇಷ್ಟು ದಿನದ ರೂಢಿ. ನನಗ ನಾ ಹೇಳಬಹುದು, ಕಾಲಿಗೆ ಏನ್ ಹೇಳ್ಲಿ?"

ಇಳಿದು ಮೋರಿಯ ಕಟ್ಟೆಯ ಮೇಲೆ ಕೂತೆವು. ಹುಸೇನಸಾಬ ಬೀಡಿ ಹಚ್ಚಿದ, ಆರಿಹೋಯಿತು, ಮತ್ತೆ ಹಚ್ಚಲಿಲ್ಲ.

"ಒಂದು ಮಾತ್ರಿ" ಅಂದ. "ನನ್ನ ಸಲುವಾಗಿ ನೀವು ತ್ರಾಸ ತಗೋಬ್ಯಾಡ್ರಿ. ಹಬ್ಬ ಆದಮ್ಯಾಗ ಮಗಳ ಮನಿಗೆ ಹೋಗಿ ಕುಂಡ್ರತೇನಿ. ಮೊಮ್ಮಕ್ಕಳದಾವು. ದಿನಾ ಹೊತ್ತು ಹೋಗ್ತೈತಿ."

ಅವನ ಎರಡೂ ಕೈ ತೊಡೆಯ ಮೇಲಿದ್ದವು. ಬೆರಳು ತುಸು ಮಡಚಿ, ಏನನ್ನೋ ಹಿಡಿದುಕೊಂಡ ಹಾಗೆ. ಚಿಂತೆ ಮಾಡಬೇಡ ಅಂತ ನನಗೆ ಹೇಳದವರಿಲ್ಲ. ಅಪ್ಪ ಹೇಳಿದ್ದಾರೆ, ಡಾಕ್ಟರು ಹೇಳಿದ್ದಾರೆ. ಆದರೆ ಆ ಮಾತು ಹೇಳಿ ನನ್ನನ್ನು ಎಬ್ಬಿಸಿ ನಿಲ್ಲಿಸಿದವನು ಅವನೊಬ್ಬನೇ. ನಾನು ಗಾಡಿಯ ಹಿಂದೆ ಹೋದೆ, ತಾಡಪತ್ರಿಯ ಬಾಲವನ್ನು ಎತ್ತಿ ಕಟ್ಟಿದೆ, ಚುರುಮುರಿ ಚೀಲಗಳ ನಡುವೆ ಹತ್ತಿ, ಕ್ಯಾಬಿನ್ನಿಗೆ ಬೆನ್ನು ಮಾಡಿ ಕೂತೆ.

"ಅಲ್ಲೇನ್ ಮಾಡ್ತೀರಿ?"

"ನಡಿ. ನನಗಿಲ್ಲಿಂದ ಏನೂ ಕಾಣೂದಿಲ್ಲ."

ಗಾಡಿ ಹೊರಟಿತು. ನಾನು ತಪ್ಪು ಹೇಳಿದ್ದೆ. ಎಲ್ಲ ಕಾಣುತ್ತಿತ್ತು, ಆದರೆ ದಾಟಿದ ಮೇಲೆ. ತಿರುವು ಬಂದದ್ದು ಮೈ ವಾಲಿದಾಗ ಗೊತ್ತಾಗುತ್ತಿತ್ತು. ಅದನ್ನು ಕಣ್ಣಿನಿಂದ ನೋಡುವಷ್ಟರಲ್ಲಿ ಅದು ಹಿಂದೆ ಸರಿದು ಮರಗಳ ನಡುವೆ ಸಣ್ಣದಾಗುತ್ತಿತ್ತು. ರಸ್ತೆಯ ನಡುವೆ ನಿಂತ ಎಮ್ಮೆ ನಮ್ಮ ಬಲಕ್ಕೋ ಎಡಕ್ಕೋ ಉಳಿದುಹೋಗಿ ನನ್ನನ್ನು ನೋಡುತ್ತ ಮೆಲುಕು ಹಾಕುತ್ತಿತ್ತು. ಎದುರಿನಿಂದ ಬಂದ ಬಸ್ಸಿನ ಬೆನ್ನು ಮಾತ್ರ ಕಾಣುತ್ತಿತ್ತು; ಬಸ್ಸಿನ ಬೆನ್ನಿಗೆ ಯಾರೂ ಹೆದರುವುದಿಲ್ಲ. ಆಗಿಹೋದದ್ದರ ಬಗ್ಗೆ ಚಿಂತೆ ಮಾಡಲು ನಾನು ನನ್ನ ಕೈಲಾದಷ್ಟು ನೋಡಿದೆ, ಆಗಲಿಲ್ಲ. ಚೀಲಗಳು ಮೆತ್ತಗಿದ್ದವು, ಬೆಚ್ಚಗಿದ್ದವು. ಹುರಿದ ಅಕ್ಕಿಯ ವಾಸನೆ. ಮಳೆ ಹೋದ ಕಾಡು ತನ್ನ ಪಾಡಿಗೆ ಹಿಂದೆ ಹೋಗುತ್ತಿತ್ತು. ರಾಮನಗರದಲ್ಲಿ ಹುಸೇನಸಾಬ ಬಂದು ಅಲುಗಾಡಿಸಿದಾಗ ನಾನು ನಿದ್ದೆ ಹೋಗಿದ್ದೆ. ಮಾವನ ಹಾಗೆ ಗೊರಕೆ ಹೊಡೆಯುತ್ತಿದ್ದೆನಂತೆ. ಅದು ಅವನ ಮಾತು, ನಂಬಬೇಕಾಗಿಲ್ಲ.

ಹಳಿಯಾಳದ ಪಂಪಿಗೆ ಕಸ್ತೂರಿ ತಾನೇ ನಡೆದು ಬಂದಿದ್ದಳು. ನಮ್ಮಿಬ್ಬರ ಲೆಕ್ಕದ ಮೇಲೂ ಅವಳಿಗೆ ವಿಶ್ವಾಸವಿರಲಿಲ್ಲ. ಗಾಡಿ ಅಲ್ಲಾಡಿಸಿದೆವು, ಇಷ್ಟು ಸಾಲದು ಅಂತ ಅವಳೂ ಒಂದು ಕೈ ಹಚ್ಚಿದಳು. ಪಂಪಿನ ಮೀಟರು ನೋಡಿ, ಗಾಡಿಯ ಮೀಟರು ನೋಡಿ, ತುಟಿ ಅಲ್ಲಾಡಿಸುತ್ತ ಭಾಗಾಕಾರ ಮಾಡಿದಳು. ಹುಸೇನಸಾಬ ದೂರದ ಬೇವಿನ ಮರವನ್ನು ನೋಡುತ್ತ ನಿಂತಿದ್ದ.

"ಹದಿಮೂರು" ಅಂದಳು. "ಮ್ಯಾಲ ಸ್ವಲ್ಪ."

ಅವಳು ಸೆರಗಿನಿಂದ ಕೈಯ ಎಣ್ಣೆ ಒರೆಸಿಕೊಂಡಳು.

"ಹುಸೇನಣ್ಣ, ಹಬ್ಬಕ್ಕ ಚುರುಮುರಿ ಹೆಚ್ಚಿಗಿ ಬೇಕಂದಾರ. ಮುಂದಿನ ಫೇರಿಗೆ ಜೋಯಿಡಾಕ್ಕ ನಾಕು ಚೀಲ ಜಾಸ್ತಿ ಹಾಕು. ಅದರ ಮುಂದಿಂದಕ್ಕ ಆಮ್ಯಾಲೆ ನೋಡೂಣು."

"ಆತ್ರಿ ಅಕ್ಕಾರ" ಅಂದ ಹುಸೇನಸಾಬ. ಗಾಡಿಯ ಸುತ್ತ ಬಂದು, ನನಗಾಗಿ ಮುಂದಿನ ಬಾಗಿಲು ತೆಗೆದು ಹಿಡಿದ. "ಬರ್ರಿ ಸಾವಕಾರ್ರ, ಮನಿ ಇಲ್ಲೇ ಐತಿ. ಇಷ್ಟು ದೂರ ಮುಂದ ಕುಂಡ್ರಬಹುದು."

ಕಸ್ತೂರಿ ಆಗಲೇ ಹತ್ತಿ ಕೂತಾಗಿತ್ತು. ನಾನು ಹಿಂದೆ ಹೋಗಿ ಖಾಲಿ ಚೀಲದ ರಾಶಿಯ ಮೇಲೆ ಕೂತೆ. ಪಂಪು ದೂರ ಸರಿಯಿತು, ಪೇಟೆ ಎರಡೂ ಕಡೆಯಿಂದ ಬಂದು ಹಿಂದೆ ಕೂಡಿಕೊಂಡಿತು. ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ ಅವಳ ದನಿ ಕೇಳಿಸಿತು.

"ಹುಸೇನಣ್ಣ, ಸಾವಕಾಶ. ಅಲ್ಲಿ ಆ ಮಂದಿ ದಾಟಬಹುದು."

ಗಾಡಿ ಗಕ್ಕನೆ ತಡೆಯಿತು. ನಾನು ಚೀಲಗಳ ಮೇಲೆ ಮಗುಚಿ ಬಿದ್ದು, ಎದ್ದು ಕೂತೆ. ಕಿಂಡಿಯ ಹತ್ತಿರ ಬಾಯಿ ಒಯ್ದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮಂದಿ ನನ್ನ ಕಣ್ಣೆದುರಿಗೆ ಬಂದರು. ರಸ್ತೆ ದಾಟುವ ವಿಚಾರವೇ ಇಲ್ಲದೆ ಕಬ್ಬು ತಿನ್ನುತ್ತ ನಿಂತಿದ್ದರು.